ಹಸಿರು ಬೊಟ್ಟಿನ ಹೆಲ್ಮೆಟ್ಟು

ಜುಲೈ ೨೪, ಸೋಮವಾರ

ಈ ನೋಟ್‌ಬುಕ್ಕು ನಾನು ಕೇಳಿ ಪಡೆದದ್ದಲ್ಲ. ನಮ್ಮ ಅಮೆರಿಕನ್ ಫುಟ್‌ಬಾಲ್ ತಂಡದ ಶಿಬಿರಕ್ಕೆ ಹೊರಡುವಾಗ ವರ್ನೆಟ್ ಬ್ಯಾಗಿನೊಳಗೆ ತುರುಕಿದಳು. "ಹೇಳಿದ್ದನ್ನೇ ಹೇಳ್ತೀಯ ರೂಫಸ್. ಆ ಬೂಟಿನ ಕಥೆ ಇದೇ ವಾರ ಮೂರು ಸಲ ಆಯ್ತು. ಇನ್ಮೇಲೆ ಇದರ ಹತ್ರ ಹೇಳ್ಕೋ, ಇದಕ್ಕೆ ಬೇಜಾರಾಗಲ್ಲ" ಅಂದಳು. ಗಂಡನ ಕಥೆ ಹೆಂಡತಿಗೆ ಎಂದಾದರೂ ರುಚಿಸಿದ್ದುಂಟೆ? ಆಗಲಿ, ಮೊದಲ ಪುಟದಲ್ಲೇ ಬೂಟಿನ ಕಥೆ ಬರೆದು ಅವಳ ಹೊಟ್ಟೆ ಉರಿಸುತ್ತೇನೆ. ಹಿಮ ಬೀಳುತ್ತಿದ್ದ ಆಟ. ಎದುರು ತಂಡದಲ್ಲಿ ಚೆಂಡೆಸೆಯುವ ಸುಂದರಾಂಗನಿಗೆ ನಾನು ಹೊಡೆದ ಡಿಕ್ಕಿಯ ರಭಸಕ್ಕೆ ಅವನ ಎಡಗಾಲಿನ ಬೂಟು ಕಳಚಿ ಹಾರಿತು. ನಾನೇ ಎತ್ತಿಕೊಂಡು ಹೋಗಿ, "ತಗೋ, ಕಾಲು ಒದ್ದೆಯಾದೀತು" ಅಂತ ಕೊಟ್ಟೆ. ನಮ್ಮ ಟೊಲೀಡೊ ಊರಿಗೆ ಊರೇ ನಕ್ಕಿತು. ಇಂಥ ಕಥೆಯನ್ನು ವಾರಕ್ಕೆ ಮೂರು ಸಲ ಹೇಳದೆ ಮಡಚಿ ಪೆಟ್ಟಿಗೆಯಲ್ಲಿಡಬೇಕೆ?

ಶಿಬಿರ ಎಂದಿನಂತೆ ಕಾಲೇಜಿನ ಹಾಸ್ಟೆಲ್ಲಿನಲ್ಲಿ. ಮಂಚಗಳು ಮಕ್ಕಳಿಗೆ ಮಾಡಿಸಿದವು. ಜೊತೆಗೆ ಒಟಿಸ್ ಇದ್ದಾನೆ. ನಮ್ಮ ರಕ್ಷಣೆಯ ಮುಂದಿನ ಸಾಲಿನಲ್ಲಿ ನಿಲ್ಲುವ ಬೆಟ್ಟ ಅವನು, ಎಂಟು ವರ್ಷದಿಂದ ನನ್ನ ಮುಂದೆ ನಿಂತು ಏಟು ತಿನ್ನುತ್ತಿದ್ದಾನೆ. ಅವನು ಮಲಗಿದರೆ ಮಂಚ ಅಳುತ್ತದೆ, ಗೊರಕೆಗೆ ಕಿಟಕಿ ನಡುಗುತ್ತದೆ.

ಇವತ್ತು ತಲೆಯ ಪರೀಕ್ಷೆ. ತಂಡದ ಆರೋಗ್ಯ ನೋಡಿಕೊಳ್ಳುವ ಮೇವಿಸ್ ಒಂದಷ್ಟು ಪದ ಓದುತ್ತಾಳೆ, ನಾವು ತಿರುಗಿ ಹೇಳಬೇಕು. ಅಂಕಿಗಳನ್ನು ಹಿಂದಿನಿಂದ ಮುಂದಕ್ಕೆ ಹೇಳಬೇಕು. ಮುಂದೆ ಆಟದಲ್ಲಿ ತಲೆಗೆ ಪೆಟ್ಟಾದಾಗ ಇದನ್ನೇ ಮತ್ತೆ ಕೇಳಿ, ಇವತ್ತಿಗಿಂತ ಅಂಕ ಇಳಿದಿದ್ದರೆ ಆಡಲು ಬಿಡದೆ ಬೆಂಚಿನ ಮೇಲೆ ಕೂರಿಸುತ್ತಾರೆ. ಹಾಗಾಗಿ ಬುದ್ಧಿವಂತನಾದವನು ಮೊದಲ ದಿನವೇ ದಡ್ಡನಾಗುತ್ತಾನೆ. ನೆಲದ ಮೇಲೆ ಬಿದ್ದಿರುವ ಅಂಕ ಇನ್ನೆಲ್ಲಿಗೆ ಬಿದ್ದೀತು? ಈ ವಿದ್ಯೆಯನ್ನು ನನಗೆ ಹಿಂದಿನವರು ಕಲಿಸಿದರು, ನಾನು ಒಟಿಸ್‌ಗೆ ಕಲಿಸಿದೆ. ಅವನು ಇವತ್ತು "ಸೇಬು" ಅನ್ನುವ ಒಂದೇ ಪದವನ್ನು ಆರು ಸಲ ಹೇಳಿ ಎದ್ದುಬಂದನಂತೆ.

ನಾನು ಈ ಸಲ ನಟಿಸುವ ತೊಂದರೆಯನ್ನೂ ತೆಗೆದುಕೊಳ್ಳಲಿಲ್ಲ. ಸೆಕೆ, ಹಸಿವು, ಬೇಗ ಮುಗಿದರೆ ಸಾಕಾಗಿತ್ತು. ನೆನಪಾದದ್ದನ್ನು ಹೇಳಿದೆ, ಎದ್ದೆ. ಮೇವಿಸ್ ನೋಡಿ, ಹೋದ ವರ್ಷದಷ್ಟೇ ಬಂದಿದೆ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ ಅಂದಳು. ಅಭ್ಯಾಸ ಅಂದರೆ ಇದು. ಇಷ್ಟು ವರ್ಷ ಒಂದೇ ಪಾತ್ರ ಮಾಡಿದವನು ಬಣ್ಣ ಹಚ್ಚದೆಯೂ ಕುಣಿಯಬಲ್ಲ.

ಹೊಸಬನೊಬ್ಬ ಎಲ್ಲಕ್ಕೂ ಸರಿಯುತ್ತರ ಕೊಟ್ಟನಂತೆ. ಒಂದೂ ತಪ್ಪಿಲ್ಲವಂತೆ. ಊಟದ ಹಾಲ್‌ನಲ್ಲಿ ಇಡೀ ತಂಡ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಜುಲೈ ೨೭, ಗುರುವಾರ

ಆ ಮೊದಲ ರ‍್ಯಾಂಕಿನ ಹೊಸಬನ ಹೆಸರು ಓರಿನ್ ಕಿಪ್. ಕಾನ್ಸಸ್ಸಿನ ಕಡೆಯವನು, ಕುತ್ತಿಗೆ ಇನ್ನೂ ಬಲಿತಿಲ್ಲ. ಮಾತೆತ್ತಿದರೆ "ಸರ್". ನಾನು ಆಡುವ ಜಾಗವೇ ಅವನದೂ. ತಿಂಗಳ ಕೊನೆಗೆ ಅರ್ಧ ಶಿಬಿರವನ್ನು ಮನೆಗೆ ಕಳಿಸುತ್ತಾರೆ, ನಮ್ಮಿಬ್ಬರಲ್ಲಿ ಒಬ್ಬನಿಗೇ ಜಾಗ. ಯಾರಿಗೆ ಅಂತ ಕೇಳುವುದೇ ಹಾಸ್ಯಾಸ್ಪದ.

ನನ್ನ ಹೆಲ್ಮೆಟ್ಟಿನ ಹಿಂದೆ ಹಸಿರು ಬೊಟ್ಟಿದೆ. ಮೈದಾನದಲ್ಲಿರುವ ನಮ್ಮ ಹನ್ನೊಂದು ಜನರಲ್ಲಿ ಒಬ್ಬನ ಹೆಲ್ಮೆಟ್ಟಿನೊಳಗೆ ಮಾತ್ರ ರೇಡಿಯೊ ಇರುತ್ತದೆ, ಆ ಬೊಟ್ಟು ಅದರ ಗುರುತು. ಹೊರಗೆ ನಿಂತ ಕೋಚ್ ಹೇಳಿದ್ದು ನನ್ನ ಕಿವಿಗೆ ಬೀಳುತ್ತದೆ. ಯಾರು ನುಗ್ಗಬೇಕು, ಯಾರು ಹಿಂದೆ ನಿಲ್ಲಬೇಕು ಅಂತ ಉಳಿದ ಹತ್ತು ಜನಕ್ಕೆ ನಾನು ಕೂಗಬೇಕು. ನಾನು ಕೂಗದೆ ಇವರ ಹೆಜ್ಜೆ ಕದಲುವುದಿಲ್ಲ. ಅರಮನೆ ಯಾರದ್ದಾದರೂ ಆಗಲಿ, ಕೀಲಿಕೈ ನನ್ನ ಸೊಂಟದಲ್ಲಿದೆ.

ಈ ವರ್ಷ ರಕ್ಷಣೆಗೆ ಹೊಸ ಕೋಚ್, ಹ್ಯಾಲೊರನ್. ನನಗಿಂತ ಎರಡು ವರ್ಷ ದೊಡ್ಡವನು, ಆಡಿದ್ದು ಕಾಲೇಜಿನಲ್ಲಿ ಮಾತ್ರ. ಬಂದವನೇ ಹಳೆಯ ಹೆಸರನ್ನೆಲ್ಲ ಕಿತ್ತೆಸೆದು ಪ್ರತಿ ವ್ಯೂಹಕ್ಕೂ ಹಕ್ಕಿಯ ಹೆಸರಿಟ್ಟಿದ್ದಾನೆ. ಗೂಬೆ, ಹದ್ದು, ಬಾತು, ಮರಕುಟಿಗ. ನಾನು ಮೂವತ್ತನಾಲ್ಕು ವರ್ಷದ ಗಂಡಸು, ಮಂಡಿಗೆ ಎರಡು ಸಲ ಕತ್ತರಿ ಹಾಕಿಸಿಕೊಂಡವನು, ತುಂಬಿದ ಮೈದಾನದಲ್ಲಿ ನಿಂತು "ಬಾತು, ಬಾತು" ಅಂತ ಕೂಗಬೇಕು. ಮೊದಲಿದ್ದ ಮುದುಕ ಕೋಚ್ ಊರುಗಳ ಹೆಸರಿಟ್ಟಿದ್ದ. ಅದರಲ್ಲಿ ಒಂದು ಘನತೆ ಇತ್ತು.

ಅಭ್ಯಾಸ ಮುಗಿದ ಮೇಲೆ ಹಿರಿಯರ ಹೆಲ್ಮೆಟ್ಟು, ಭುಜದ ಕವಚ ಹೊತ್ತು ತರುವುದು ಹೊಸಬರ ಪಾಲಿಗೆ ಬಂದ ಚಾಕರಿ. ನನ್ನದನ್ನು ಕಿಪ್ ಹೊರುತ್ತಾನೆ. ಇವತ್ತು ಮೇಲೆ ಒಟಿಸ್‌ನದನ್ನೂ ಹೇರಿದೆ. ಎರಡು ಹೆಜ್ಜೆಗೊಮ್ಮೆ ಏನಾದರೊಂದು ಕೆಳಗೆ ಬೀಳುತ್ತಿತ್ತು, ಹಸಿರು ಬೊಟ್ಟಿನ ಹೆಲ್ಮೆಟ್ಟು ಮಾತ್ರ ಬೀಳಲಿಲ್ಲ. ಅದನ್ನು ಎದೆಗೆ ಅವಚಿಕೊಂಡಿದ್ದ. ಕಣ್ಣು ಎಲ್ಲಿದೆ ಅಂತ ನನಗೆ ತಿಳಿಯದೇ?

ಆಗಸ್ಟ್ ೧, ಮಂಗಳವಾರ

ರಾತ್ರಿ ಊಟದಲ್ಲಿ ಹೊಸಬರು ಕುರ್ಚಿ ಹತ್ತಿ ಹಾಡಬೇಕು. ಕಿಪ್ ತನ್ನ ಊರಿನ ಚರ್ಚಿನ ಹಾಡು ಹಾಡಿದ. ರಾಗ ಇಲ್ಲ, ತಾಳ ಇಲ್ಲ, ಸಾಹಿತ್ಯ ಮಾತ್ರ ಒಂಬತ್ತು ಚರಣ ತಪ್ಪಿಲ್ಲದೆ ಬಂತು. ನಾಲ್ಕನೆಯ ಚರಣಕ್ಕೆ ಬ್ರೆಡ್ ಎಸೆದೆವು. ಅವನು ತಲೆ ತಗ್ಗಿಸಿ ತಪ್ಪಿಸಿಕೊಳ್ಳುತ್ತಾ ಪೂರ್ತಿ ಮುಗಿಸಿಯೇ ಇಳಿದ. ಕೊನೆಯಲ್ಲಿ ನನಗೂ ನಗು ಬಂತು, ಅದು ಅವನ ಅವಸ್ಥೆ ನೋಡಿ.

ಆಮೇಲೆ ಹುಡುಗರಿಗೆ ಬೂಟಿನ ಕಥೆ ಹೇಳಿದೆ. ಅದನ್ನು ಇಲ್ಲಿ ಬರೆದಿಲ್ಲ ಅಂತ ಕಾಣುತ್ತದೆ, ಬರೆದಿಡುತ್ತೇನೆ. ಧೋ ಅಂತ ಮಳೆ ಬೀಳುತ್ತಿದ್ದ ಆಟ. ಚೆಂಡೆಸೆಯುವವನಿಗೆ ನಾನು ಗುದ್ದಿದ್ದಕ್ಕೆ ಅವನ ಬಲಗಾಲಿನ ಬೂಟು ಕಿತ್ತುಹೋಯಿತು. ನಾನೇ ಎತ್ತಿ ಕೊಟ್ಟೆ. ಹೊಸಬರು ನಕ್ಕರು. ಒಟಿಸ್ ಮಾತ್ರ ತಟ್ಟೆ ನೋಡುತ್ತಾ ಕೂತಿದ್ದ. ತಿನ್ನುವಾಗ ಅವನಿಗೆ ಕಿವಿ ಕೇಳಿಸುವುದಿಲ್ಲ.

ಆಗಸ್ಟ್ ೫, ಶನಿವಾರ

ಹೆಲ್ಮೆಟ್ಟಿನ ರೇಡಿಯೊ ಕೆಟ್ಟಿದೆ. ಹ್ಯಾಲೊರನ್‌ನ ಮಾತು ಬರುತ್ತದೆ, ಬಂದ ಹಾಗೇ ಎಲ್ಲಿಗೋ ಸೋರಿಹೋಗುತ್ತದೆ. ರೇಡಿಯೊ ನೋಡಿಕೊಳ್ಳುವವನಿಗೆ ಹೇಳಿದೆ. ತಿರುಗಿಸಿ ಮುರುಗಿಸಿ ನೋಡಿ, ಎಲ್ಲ ಸರಿಯಾಗಿದೆ ಅಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ತನಗೆ ರಿಪೇರಿ ಬಾರದ್ದಕ್ಕೆ ನನ್ನ ಕಿವಿ ಡೊಂಕು ಅನ್ನುತ್ತಾನೆ. ಗದರಿಸಿ ಹೊಸ ರೇಡಿಯೊ ಹಾಕಿಸಿದೆ. ಅದೂ ಹಾಗೇ ಇದೆ. ಈಗೆಲ್ಲ ಬರುವ ಸಾಮಾನೇ ಹೀಗೆ.

ನನ್ನ ಎಡಕ್ಕೆ ನಿಲ್ಲುತ್ತಿದ್ದವನು ಪಾದದ ಕೀಲು ಉಳುಕಿಸಿಕೊಂಡು ಕುಂಟುತ್ತಿದ್ದಾನೆ. ಆ ಜಾಗಕ್ಕೆ ಹ್ಯಾಲೊರನ್ ಕಿಪ್‌ನನ್ನು ತಂದು ನಿಲ್ಲಿಸಿದ. ಇಡೀ ಮೈದಾನದಲ್ಲಿ ಇವನಿಗೆ ಬೇರೆ ಜಾಗ ಇರಲಿಲ್ಲವೇ? ಬಂದವನಿಗೆ ಒಂದು ಕೆಟ್ಟ ಚಾಳಿ ಇದೆ. ನಾನು ಏನು ಕೂಗುತ್ತೇನೋ ಅದನ್ನೇ ಹಿಂದಿನಿಂದ ಮತ್ತೆ ಕೂಗುತ್ತಾನೆ. ಶುದ್ಧ ಗಿಳಿ. "ನಿಮ್ಮ ಮಾತು ಆ ಮೂಲೆಯವರೆಗೆ ಮುಟ್ಲಿ ಅಂತ ಸರ್" ಅನ್ನುತ್ತಾನೆ. ನನ್ನ ಗಂಟಲಿಗೆ ಇವನ ಊರಿನ ದನಗಳೂ ತಿರುಗಿ ನೋಡುತ್ತವೆ, ಇವನ ಸಹಾಯ ಬೇಕಂತೆ.

ಅವನು ಕಾಲಿಡುವ ರೀತಿಯೂ ಸರಿಯಿಲ್ಲ. ನೋಡಲಾಗದೆ ಒಂದು ಮಾತು ಹೇಳಿದೆ. ಎದುರು ಸಾಲಿನಲ್ಲಿ ಕೈಯೂರಿ ಬಗ್ಗಿದವನ ಬೆರಳ ಗೆಣ್ಣು ನೋಡು. ಗೆಣ್ಣು ಬೆಳ್ಳಗಾಗಿದ್ದರೆ ಮೈಭಾರ ಮುಂದಿದೆ, ನುಗ್ಗುತ್ತಾನೆ. ಇಲ್ಲದಿದ್ದರೆ ಹಿಂದೆ ಸರಿಯುತ್ತಾನೆ, ಚೆಂಡು ಮೇಲಿಂದ ಬರುತ್ತದೆ. ಬಾಯಿ ಬಿಟ್ಟುಕೊಂಡು ಕೇಳಿದ. ಇದು ಪಾಠವೇನಲ್ಲ. ಪಕ್ಕದಲ್ಲಿರುವವನು ಕೋಡಂಗಿಯಾದರೆ ನನ್ನ ಮರ್ಯಾದೆಯೂ ಹೋಗುತ್ತದಲ್ಲ, ಅದಕ್ಕೆ.

ಆಗಸ್ಟ್ ೧೨, ಶನಿವಾರ

ಮೊದಲ ಅಭ್ಯಾಸ ಪಂದ್ಯ. ಗೆದ್ದೆವು. ನಾವು ಮೈದಾನದಲ್ಲಿದ್ದಷ್ಟು ಹೊತ್ತು ಎದುರಿನವರಿಗೆ ಒಂದು ಅಂಕವೂ ಹುಟ್ಟಲಿಲ್ಲ. ಎಲ್ಲರೂ ಅವರವರ ಜಾಗದಲ್ಲಿದ್ದರು, ಗೆರೆ ಎಳೆದ ಹಾಗೆ. ಹಕ್ಕಿಗಳ ಹೆಸರು ಇನ್ನೂ ನಾಲಗೆಗೆ ಹತ್ತದಿದ್ದರೂ ಹೀಗಿದೆ ನನ್ನ ಕೆಲಸ, ಹತ್ತಿದ ಮೇಲೆ ಹೇಗಿದ್ದೀತು?

ಹ್ಯಾಲೊರನ್‌ಗೆ ತಲೆ ಕೆಟ್ಟಿದೆ. ನನ್ನ ಕಿವಿಯಲ್ಲಿ ರೇಡಿಯೊ ಇಟ್ಟು, ಮಾತಾಡುವುದನ್ನೂ ಮಾತಾಡಿ, ಜೊತೆಗೆ ಗೆರೆಯಾಚೆ ನಿಂತು ಕೈ ಬೀಸುತ್ತಾನೆ. ತಲೆ ಮುಟ್ಟುತ್ತಾನೆ, ಮೊಣಕೈ ಮುಟ್ಟುತ್ತಾನೆ, ಹೊಟ್ಟೆ ತಟ್ಟುತ್ತಾನೆ. ಮಿಠಾಯಿ ಅಂಗಡಿಯವನು ನೊಣ ಓಡಿಸುವ ಹಾಗೆ. ಯಾರಿಗೆ ಇದೆಲ್ಲ ಅಂತ ಒಟಿಸ್‌ನನ್ನು ಕೇಳಿದೆ. "ಮೈ ಕೆರೀತಿರ್ಬೇಕು ಗುರು, ಬಿಡು" ಅಂದ.

ಕಿಪ್ ಇವತ್ತು ಒಬ್ಬನನ್ನು ಚೆನ್ನಾಗಿಯೇ ಕೆಡವಿದ. ಗೆಣ್ಣು ನೋಡಿ ಹೊರಟಿದ್ದ, ಅದು ನನಗೆ ಗೊತ್ತಾಯಿತು. ಎದ್ದವನು ಮೊದಲು ನನ್ನ ಕಡೆ ನೋಡಿದ. ನಾನು ಬೇರೆ ಕಡೆ ನೋಡಿದೆ. ಹೊಗಳಿದರೆ ಇವರು ಹಾಳಾಗುತ್ತಾರೆ.

ಆಗಸ್ಟ್ ೧೬ (ಒಟಿಸ್ ಹೇಳುವ ಪ್ರಕಾರ ೧೭)

ಈ ಕಾಲೇಜು ಕಟ್ಟಿದವನನ್ನು ಜೈಲಿಗೆ ಹಾಕಬೇಕು. ಎಲ್ಲ ಕಟ್ಟಡವೂ ಒಂದೇ ಇಟ್ಟಿಗೆ, ಒಂದೇ ಬಾಗಿಲು. ಊಟ ಮುಗಿಸಿ ಬರುವಾಗ ಬೇರೆ ಹಾಸ್ಟೆಲ್ಲಿಗೆ ನುಗ್ಗಿ ಕೀಲಿ ತಿರುಗಿಸುತ್ತಾ ನಿಂತಿದ್ದೆ. ಹಿಂದಿನಿಂದ ಕಿಪ್ ಬಂದು, ತಾನೂ ಆ ಕಡೆಗೇ ಹೊರಟಿದ್ದೇನೆ ಅಂದ. ಜೊತೆಗೆ ನಡೆದುಬಂದೆವು. ದಾರಿಯಲ್ಲಿ ಬೂಟಿನ ಕಥೆ ಕೇಳಿಸಿದೆ. ಮೊದಲ ಸಲ ಕೇಳುವವನ ಹಾಗೆ ನಕ್ಕ. ದಡ್ಡನಾದರೂ ನಗಬೇಕಾದ ಕಡೆ ನಗುತ್ತಾನೆ.

ಆಗಸ್ಟ್ ೧೯, ಶನಿವಾರ

ಎರಡನೆಯ ಪಂದ್ಯ. ಇವತ್ತು ಊರಿನ ಟಿವಿಯವರು ನನ್ನ ಎದೆಯ ಕವಚದೊಳಗೆ ಮೈಕು ಕಟ್ಟಿದ್ದರು. "ಟೊಲೀಡೊದ ಹಳೇ ಸಿಂಹ" ಅಂತ ಕಾರ್ಯಕ್ರಮವಂತೆ. ಹಳೇ ಅನ್ನುವುದನ್ನು ತೆಗೆಯಿರಿ ಅಂದೆ, ನಕ್ಕರು. ಈ ಜನಕ್ಕೆ ಈಗಲಾದರೂ ತಿಳಿಯಲಿ. ಮೈಮೇಲೆ ಬೀಳುವುದನ್ನು ಗೂಳಿಯೂ ಮಾಡುತ್ತದೆ. ಹತ್ತು ಜನರನ್ನು ಬರೀ ಬಾಯಿಮಾತಿನಲ್ಲಿ ನಡೆಸುವುದು ಹೇಗೆ ಅಂತ ಮನೆಯಲ್ಲಿ ಕೂತು ಕೇಳಲಿ. ಹ್ಯಾಲೊರನ್ ಕೇಳಲಿ. ನನ್ನನ್ನು ಉಳಿಸಿಕೊಳ್ಳಬೇಕೋ ಬೇಡವೋ ಅಂತ ಲೆಕ್ಕ ಹಾಕುತ್ತಿರುವ ಮೇಲಿನವರೂ ಕೇಳಲಿ.

ಗೆದ್ದೆವು. ಕೊನೆಯ ಭಾಗ ಅಷ್ಟು ನೆನಪಿಲ್ಲ. ಗೆದ್ದವರಿಗೆ ನೆನಪು ಯಾಕೆ?

ಆಗಸ್ಟ್ ೨೨, ಮಂಗಳವಾರ

ಕಾರ್ಯಕ್ರಮ ಬಂತು. ಊಟದ ಹಾಲ್‌ನಲ್ಲಿ ಎಲ್ಲರೂ ಕೂತು ನೋಡಿದೆವು. ಎರಡೇ ನಿಮಿಷ! ನಾನು ಎದುರಿನವನನ್ನು ಕೆಣಕಲು ಅವನ ಅಜ್ಜಿಯ ಕ್ಷೇಮ ಕೇಳಿದ್ದು, ಒಟಿಸ್‌ನ ಹೊಟ್ಟೆಗೆ ಹೊಡೆದದ್ದು, ಬಿದ್ದಾಗ ನರಳಿದ್ದು. ಒಂದು ಕೂಗೂ ಇಲ್ಲ. ಒಂದು ಗೂಬೆ ಇಲ್ಲ, ಒಂದು ಬಾತಿಲ್ಲ. ಮದುವೆ ಚಿತ್ರ ತೆಗೆಯಲು ಬಂದು ಮದುಮಗನನ್ನೇ ಬಿಟ್ಟ ಹಾಗೆ.

ಟಿವಿಯ ಹೆಂಗಸಿಗೆ ಫೋನ್ ಮಾಡಿ ಬೈದೆ. ಉಳಿದದ್ದು ಅಷ್ಟೇನೂ ಉಪಯೋಗಕ್ಕೆ ಬರಲಿಲ್ಲ ಅಂತ ಎಳೆದಳು. ಪೂರ್ತಿ ಕಳಿಸು, ಯಾವುದು ಉಪಯೋಗಕ್ಕೆ ಬರುತ್ತದೆ ಅಂತ ನಾನು ಆರಿಸಿ ಕೊಡುತ್ತೇನೆ ಅಂದೆ. ಅವಳಿಗೆ ಇಷ್ಟವಿರಲಿಲ್ಲ. ನಾನು ಬಿಡಲಿಲ್ಲ. ಕಿಪ್ ಪಕ್ಕದಲ್ಲೇ ಇದ್ದ. "ಹೋಗ್ಲಿ ಬಿಡಿ ಸರ್, ಟಿವಿಯವರಿಗೆ ಏನು ಗೊತ್ತಾಗತ್ತೆ" ಅಂದ. ನನ್ನ ಹೆಸರು ಮೇಲೆ ಬಂದರೆ ಅವನ ಜಾಗ ಹೋಗುತ್ತದಲ್ಲ, ಹೊಟ್ಟೆಯುರಿ.

ಆಗಸ್ಟ್ ೨೩, ಬುಧವಾರ

ಟಿವಿಯವಳು ಪೂರ್ತಿ ಟೇಪು ಕಳಿಸಿದಳು. ಊಟದ ನಂತರ ಆಟದ ಫಿಲಂ ನೋಡುವ ಕೋಣೆಯಲ್ಲಿ ಒಬ್ಬನೇ ಕೂತು ಕೇಳಿದೆ. ಪರದೆಯ ಮೇಲೆ ಆಟ, ಕಿವಿಯಲ್ಲಿ ನನ್ನ ಎದೆಯ ಮೈಕು. ಹ್ಯಾಲೊರನ್ ರೇಡಿಯೊದಲ್ಲಿ ಹೇಳಿದ್ದು ಅದರಲ್ಲಿಲ್ಲ. ನನ್ನ ಧ್ವನಿ, ನನ್ನ ಹತ್ತಿರ ನಿಂತವರ ಧ್ವನಿ, ಅಷ್ಟೇ.

ಮೊದಲು ಎಲ್ಲ ಸರಿಯಿತ್ತು. "ಗೂಬೆ" ಅಂತ ಕೂಗುತ್ತೇನೆ, ಎಲ್ಲರೂ ಸರಿಯುತ್ತಾರೆ. ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದೆ.

ಆಮೇಲೆ ನನ್ನ ಧ್ವನಿ "ಮೆಂಫಿಸ್" ಅನ್ನುತ್ತದೆ. ಗಟ್ಟಿಯಾಗಿ, ಸ್ವಲ್ಪವೂ ಅನುಮಾನವಿಲ್ಲದೆ. ಮೆಂಫಿಸ್ ಹಕ್ಕಿಯಲ್ಲ, ಊರು. ಟೊಲೀಡೊಗೆ ಬರುವ ಮುಂಚಿನ ನನ್ನ ಮೊದಲ ತಂಡದ ವ್ಯೂಹ. ಆ ತಂಡದ ಕೋಚ್ ಸತ್ತು ಮಣ್ಣಾಗಿದ್ದಾನೆ. ಪರದೆಯಲ್ಲಿ ಹತ್ತು ಜನರೂ ನಿಂತಲ್ಲೇ ಇದ್ದಾರೆ. ಯಾರೂ ಕಕ್ಕಾಬಿಕ್ಕಿಯಾಗಿಲ್ಲ, ಒಬ್ಬರ ಮುಖ ಒಬ್ಬರು ನೋಡುತ್ತಿಲ್ಲ. ಎಲ್ಲರೂ ನನ್ನ ಎಡಕ್ಕೆ ನೋಡುತ್ತಿದ್ದಾರೆ. ಕಿಪ್ ಗೆರೆಯಾಚೆ ಕೈ ಬೀಸುತ್ತಿರುವ ಹ್ಯಾಲೊರನ್‌ನನ್ನು ಒಂದು ಕ್ಷಣ ನೋಡಿ, ತಿರುಗಿ ಕೂಗುತ್ತಾನೆ: "ಹದ್ದು! ರೂಫಸ್ ಸರ್ ಹದ್ದು ಅಂದ್ರು, ಹದ್ದು!" ಹತ್ತು ಜನರೂ ಸರಿದರು. ಒಂದು ಕ್ಷಣ ತಡವಾಗಿ ನಾನೂ ಸರಿದೆ.

ಅದೊಂದು ಸಲ ಅಂತ ಮುಂದೆ ಹೋದೆ. ಅದೊಂದು ಸಲ ಅಲ್ಲ. ಒಮ್ಮೆ ಮತ್ತೆ ಮೆಂಫಿಸ್. ಒಮ್ಮೆ ಕಳೆದ ವರ್ಷದ ಹೆಸರು. ಕೊನೆಯ ಭಾಗದಲ್ಲಿ ಒಂದು ಕಡೆ ನಾನು ಕೂಗಲೇ ಇಲ್ಲ, ಉಸಿರು ಮಾತ್ರ ಕೇಳುತ್ತದೆ. ಆಗ ಒಟಿಸ್‌ನ ಧ್ವನಿ, ಮಗುವಿಗೆ ಹೇಳುವ ಹಾಗೆ ಮೆತ್ತಗೆ: "ಉಸಿರು ತಗೋ ಗುರು. ಹುಡುಗ ಹೇಳ್ತಾನೆ." ಪ್ರತಿ ಸಲವೂ ಆ ಗಿಳಿ ನನ್ನ ಹೆಸರು ಹೇಳಿಯೇ ಕೂಗಿದ್ದಾನೆ. ರೂಫಸ್ ಸರ್ ಬಾತು ಅಂದ್ರು. ರೂಫಸ್ ಸರ್ ಮರಕುಟಿಗ ಅಂದ್ರು. ನಾನು ಅಂದಿರಲಿಲ್ಲ.

ಇದರಲ್ಲಿ ಒಂದೂ ನನಗೆ ನೆನಪಿಲ್ಲ. ಟೇಪು ತಿದ್ದಿದ್ದಾರೆ ಅಂತ ಮೊದಲು ಅನ್ನಿಸಿತು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ, ಅದು ನನ್ನದೇ ಗಂಟಲು.

ಕೋಣೆಗೆ ಬಂದು ಒಟಿಸ್‌ನನ್ನು ಎಬ್ಬಿಸಿದೆ. ಎಷ್ಟು ದಿನದಿಂದ ಅಂದೆ. ಅವನು ಎದ್ದು ಕೂತು, ಕಾಲು ನೋಡಿಕೊಳ್ಳುತ್ತಾ, ಹೋದ ವರ್ಷದ ಕೊನೆಯಿಂದ ಅಂದ. ಹೋದ ವರ್ಷ ಅವನೇ ಪಿಸುಗುಟ್ಟಿ ಹೇಳಿಕೊಡುತ್ತಿದ್ದನಂತೆ. ಈ ವರ್ಷ ಹಕ್ಕಿಗಳು ಅವನ ತಲೆಗೂ ಹತ್ತದೆ ಕಿಪ್‌ಗೆ ಒಪ್ಪಿಸಿದರಂತೆ. ಹ್ಯಾಲೊರನ್ ಮೊದಲ ವಾರವೇ ನನ್ನನ್ನು ಮನೆಗೆ ಕಳಿಸುವವನಿದ್ದ, ಇವರೆಲ್ಲ ಹೋಗಿ ಕೇಳಿಕೊಂಡರಂತೆ.

"ಎಂಟು ವರ್ಷ ನೀನು ನಮ್ಮನ್ನ ಹೊತ್ತೆ ಗುರು. ಒಂದು ವರ್ಷ ನಾವು ಹೊತ್ರೆ ಸವೆದು ಹೋಗ್ತೀವಾ?"

ಹೆಣ ಹೊರುವವರೂ ಹೀಗೇ ಪುಣ್ಯದ ಮಾತಾಡುತ್ತಾರೆ ಅಂದೆ. ಅವನು ಗೋಡೆ ಕಡೆ ತಿರುಗಿ ಮಲಗಿದ. ಇವತ್ತು ಗೊರಕೆ ಬರುತ್ತಿಲ್ಲ.

ಆಗಸ್ಟ್ ೨೪, ಗುರುವಾರ

ಎಲ್ಲರ ಮೇಲೂ ಸಿಟ್ಟು. ಅಭ್ಯಾಸಕ್ಕೆ ಹೋಗಲಿಲ್ಲ. ಹೊಟ್ಟೆ ಸರಿಯಿಲ್ಲ ಅಂತ ಹೇಳಿ ಕಳಿಸಿದೆ.

ಆಗಸ್ಟ್ ೨೫, ಶುಕ್ರವಾರ

ಮೇವಿಸ್‌ಳ ಕೋಣೆಗೆ ಹೋಗಿ ತಲೆಯ ಪರೀಕ್ಷೆ ಇನ್ನೊಮ್ಮೆ ಮಾಡು ಅಂದೆ. ಪೆಟ್ಟೇನಾದರೂ ಬಿತ್ತೇ ಅಂತ ಕೇಳಿದಳು. ಇಲ್ಲ, ಸುಮ್ಮನೆ ಅಂದೆ.

ಬಾಗಿಲು ಹಾಕಿಸಿದೆ. ಫೋನ್ ಆರಿಸಿದೆ. ನನ್ನ ಜೀವಮಾನದಲ್ಲಿ ಯಾವ ಆಟಗಾರನ ಕಣ್ಣನ್ನೂ ಅಷ್ಟು ಗಮನವಿಟ್ಟು ನೋಡಿರಲಿಲ್ಲ, ಹಾಗೆ ಅವಳ ಬಾಯನ್ನೇ ನೋಡುತ್ತಾ ಕೂತೆ. ಒಂದೊಂದು ಪದವನ್ನೂ ಬೆರಳು ಮಡಚಿ ಹಿಡಿದುಕೊಂಡೆ. ಅವಳು ಓದಿ ನಿಲ್ಲಿಸಿದಳು. ಬೆರಳು ಮಡಚಿದ್ದು ಮಡಚಿದ ಹಾಗೇ ಇತ್ತು, ಒಳಗೆ ಪದಗಳಿರಲಿಲ್ಲ. ಅಂಗಿ ಬೆನ್ನಿಗೆ ಅಂಟುವಷ್ಟು ಬೆವತು ಹೋಗಿದ್ದೆ.

ಮೇವಿಸ್ ಲೆಕ್ಕ ನೋಡಿ ನಕ್ಕಳು. ಅದೇ ಅಂಕ, ಕಲ್ಲುಗುಂಡಿನ ಹಾಗಿದ್ದೀಯ, ಏನೂ ಬದಲಾಗಿಲ್ಲ ಅಂದಳು. ನನ್ನನ್ನು ಸಮಾಧಾನ ಮಾಡಿದ ಸಂತೋಷ ಅವಳ ಮುಖದಲ್ಲಿ ಎದ್ದು ಕಾಣುತ್ತಿತ್ತು.

ಹಿಂದೆಲ್ಲ ಬೇಕಂತಲೇ ತಪ್ಪು ಹೇಳಿದ್ದೆ ಅಂದೆ. ಪ್ರತಿ ವರ್ಷ. ಮೊದಲ ವರ್ಷದಿಂದ.

ಅವಳ ನಗು ನಿಂತಿತು. ಎಲ್ಲರೂ ಹಾಗೆ ಮಾಡುತ್ತಾರೆ ಅಂತ ಅವಳಿಗೆ ಗೊತ್ತಂತೆ, ಆದರೆ ಯಾರೂ ಬಂದು ಹೇಳುವುದಿಲ್ಲವಂತೆ. ಪೆನ್ನು ಕೆಳಗಿಟ್ಟಳು.

"ಹಾಗಾದ್ರೆ ನಿನ್ನ ಹತ್ರ ಎಷ್ಟಿತ್ತು ಅಂತ ನಂಗೆ ಗೊತ್ತೇ ಇಲ್ಲ ರೂಫಸ್. ಎಷ್ಟು ಹೋಗಿದೆ ಅಂತ ಹೇಗೆ ಹೇಳ್ಲಿ?"

ದೊಡ್ಡ ಡಾಕ್ಟರ ಹತ್ತಿರ ಕಳಿಸುತ್ತೇನೆ, ಯಂತ್ರದಲ್ಲಿ ನೋಡುತ್ತಾರೆ ಅಂತೆಲ್ಲ ಹೇಳಿದಳು. ನಾನು ಕೇಳಿಸಿಕೊಳ್ಳಲಿಲ್ಲ. ಅವರು ಇರುವುದನ್ನು ಅಳೆಯಬಹುದು. ಇದ್ದದ್ದನ್ನು ಅಳೆಯಬಹುದಾಗಿದ್ದ ಒಂದೇ ಒಂದು ಕೋಲನ್ನು ನಾನೇ ಪ್ರತಿ ವರ್ಷ ನಗುನಗುತ್ತಾ ಮುರಿದು ಹಾಕಿದ್ದೇನೆ, ಇನ್ನೊಬ್ಬರಿಗೂ ಮುರಿಯುವುದನ್ನು ಕಲಿಸಿದ್ದೇನೆ. ನನ್ನಷ್ಟು ಜಾಣ ಈ ಭೂಮಿಯ ಮೇಲೆ ಇನ್ನೊಬ್ಬನಿಲ್ಲ.

ಹೆದರಿಕೆಯಾಗುತ್ತಿದೆ. ಬರೆದ ಮೇಲೆ ಕಡಿಮೆಯಾದೀತು ಅಂದುಕೊಂಡೆ, ಆಗಲಿಲ್ಲ.

ಆಗಸ್ಟ್ ೨೬, ಶನಿವಾರ

ಶಿಬಿರದಿಂದ ಕಳಿಸುವಾಗ ಬೆಳಿಗ್ಗೆಯೇ ಒಬ್ಬ ಬಂದು ಬಾಗಿಲು ತಟ್ಟಿ, "ಕೋಚ್ ಕರೀತಿದಾರೆ" ಅನ್ನುತ್ತಾನೆ. ಆ ತಟ್ಟುವಿಕೆಗೆ ಹೆದರದ ಆಟಗಾರನಿಲ್ಲ. ಆ ಸುಖವನ್ನು ನಾನು ಅವರಿಗೆ ಕೊಡಲಿಲ್ಲ. ನಾನೇ ಹೋಗಿ ಹ್ಯಾಲೊರನ್‌ನ ಬಾಗಿಲು ತಟ್ಟಿದೆ. ಅವನು ಹಲ್ಲುಜ್ಜುತ್ತಿದ್ದ. ನಾನು ಹೊರಟೆ, ನಿಮ್ಮ ಪಕ್ಷಿಧಾಮ ನೀವೇ ನೋಡಿಕೊಳ್ಳಿ ಅಂದೆ. ಅವನು ಬಾಯಿ ತುಂಬ ನೊರೆ ಇಟ್ಟುಕೊಂಡು ಕೈ ಚಾಚಿದ. ಬಹಳ ಹೊತ್ತು ಕೈ ಬಿಡಲಿಲ್ಲ. ಕಾಲೇಜಿನಲ್ಲಿ ಮಾತ್ರ ಆಡಿದವನ ಕೈ, ಆದರೂ ಹಿಡಿತ ಗಟ್ಟಿಯಿತ್ತು.

ಮಧ್ಯಾಹ್ನ ಅಭ್ಯಾಸ ಮುಗಿಯುವವರೆಗೆ ಗೆರೆಯಾಚೆ ನಿಂತಿದ್ದೆ. ಎಲ್ಲರೂ ಬಟ್ಟೆ ಬದಲಿಸುವ ಕೋಣೆ ಕಡೆ ಹೊರಟಾಗ ಕಿಪ್ ಅಭ್ಯಾಸದಂತೆ ನನ್ನ ಕಡೆಗೇ ಬಂದು ಹೆಲ್ಮೆಟ್ಟಿಗೆ ಕೈ ಚಾಚಿದ. ಕೊಡಲಿಲ್ಲ. ಅವನ ಕೈಯಲ್ಲಿದ್ದ ಅವನ ಹೆಲ್ಮೆಟ್ಟನ್ನೂ, ಭುಜದ ಕವಚವನ್ನೂ ಕಿತ್ತುಕೊಂಡು ನಾನು ಹೊತ್ತುಕೊಂಡೆ. ಮೈದಾನ ದಾಟುವವರೆಗೆ ಎಲ್ಲರೂ ನೋಡಿದರು. ಒಬ್ಬನೂ ನಗಲಿಲ್ಲ, ಇಷ್ಟು ನಗುವ ನನ್ಮಕ್ಕಳು.

ಹಸಿರು ಬೊಟ್ಟಿನದನ್ನು ಅವನ ಗೂಡಿನ ಕೊಕ್ಕೆಗೆ ತೂಗುಹಾಕಿದೆ. ಅವನ ಕಣ್ಣಲ್ಲಿ ನೀರಿತ್ತು. ನೆಲ ನೋಡುತ್ತಾ, "ನಾನು ಬರೀ ನೀವು ಹೇಳಿದ್ದನ್ನೇ ಹೇಳ್ತಿದ್ದೆ ಸರ್" ಅಂದ.

"ಸುಳ್ಳು ಹೇಳೋದಕ್ಕೂ ನೆಟ್ಟಗೆ ಬರಲ್ಲ ನಿನಗೆ" ಅಂದೆ. ಆಮೇಲೆ ಹೇಳಬೇಕಾದದ್ದನ್ನು ಹೇಳಿದೆ. "ಮುಂದಿನ ವರ್ಷ ಆ ಪರೀಕ್ಷೆಗೆ ಕೂತಾಗ ನನ್ನಂಥ, ಒಟಿಸ್‌ನಂಥ ಕತ್ತೆಗಳು ಏನಾದ್ರೂ ಕಲಿಸೋಕೆ ಬರ್ತಾರೆ. ಕೇಳ್ಬೇಡ. ಎಲ್ಲದಕ್ಕೂ ಸರಿಯಾಗೇ ಹೇಳು. ಎಷ್ಟಿತ್ತು ಅನ್ನೋದು ಎಲ್ಲಾದ್ರೂ ಒಂದು ಕಡೆ ಬರೆದಿರ್ಲಿ."

"ಸರಿ ಸರ್" ಅಂದ. ಇವನು ಮರೆಯುವುದಿಲ್ಲ. ಒಂಬತ್ತು ಚರಣ ಮರೆಯದವನು. ಹಾಡು ಮಾತ್ರ ಇನ್ನೆಂದೂ ಹಾಡಬೇಡ ಅಂತಲೂ ಹೇಳಿ ಬಂದೆ.

ಆಗಸ್ಟ್ ೨೭, ಭಾನುವಾರ

ವರ್ನೆಟ್ ಕಾರು ತಂದಿದ್ದಳು. ಒಟಿಸ್ ನನ್ನ ಪೆಟ್ಟಿಗೆ ಹೊತ್ತು ತಂದಿಟ್ಟ. ಅಪ್ಪಿಕೊಂಡು ಉಸಿರುಗಟ್ಟಿಸಿ, ತಿರುಗಿ ಊಟದ ಹಾಲ್‌ ಕಡೆ ನಡೆದ. ಎಂಟು ವರ್ಷದ ಸ್ನೇಹಕ್ಕಿಂತ ಹಂದಿಮಾಂಸದ ಬಿಸಿ ಹೆಚ್ಚು ಅವನಿಗೆ. ಬಾಗಿಲ ಹತ್ತಿರ ಹೋಗಿ ಒಳಗೆ ಹೋಗದೆ ನಿಂತಿದ್ದ, ನಾವು ತಿರುವು ದಾಟುವವರೆಗೂ.

ನಾನೇ ಓಡಿಸುತ್ತೇನೆ ಅಂದೆ. ಬೇಡ, ಸುಸ್ತಾಗಿದ್ದೀಯ ಅಂದಳು. ಮೇವಿಸ್ ಅವಳಿಗೆ ಫೋನ್ ಮಾಡಿದ್ದಾಳೆ ಅಂತ ಕಾಣುತ್ತದೆ, ಹೆಂಗಸರ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದಿಲ್ಲ. ಡಾಕ್ಟರ ದಿನವನ್ನು ಆಗಲೇ ಗೊತ್ತು ಮಾಡಿಟ್ಟಿದ್ದಾಳೆ. ರಸ್ತೆಯ ಎರಡೂ ಕಡೆ ಮೆಕ್ಕೆಜೋಳ ಆಳೆತ್ತರ ನಿಂತಿತ್ತು. ಅವಳು ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದು ಇನ್ನೊಂದರಲ್ಲಿ ನನ್ನ ಕೈ ಹಿಡಿದಿದ್ದಳು. ಹೀಗೆ ಓಡಿಸಿದರೆ ಹಳ್ಳಕ್ಕೆ ಬೀಳುತ್ತೇವೆ ಅಂದೆ, ಬಿಡಲಿಲ್ಲ.

ಅವಳ ಮುಖ ನೋಡಲಾಗದೆ, ನಗಿಸೋಣ ಅಂತ ಬೂಟಿನ ಕಥೆ ಹೇಳಿದೆ. ಆ ಗಾಳಿ, ಆ ಕೆಸರು, ಅವನ ಬೂಟು ಹಾರಿದ್ದು, ನಾನು ಎತ್ತಿ ಕೊಟ್ಟದ್ದು, ಎಲ್ಲ ಮೊದಲಿನಿಂದ. ಅವಳು ಒಮ್ಮೆಯೂ ಬಾಯಿ ಹಾಕದೆ ಕೊನೆಯವರೆಗೆ ಕೇಳಿದಳು. ನಕ್ಕಳು. ಆಮೇಲೆ ಏನಾಯ್ತು ಅಂತ ಬೇರೆ ಕೇಳಿದಳು.

ಇದನ್ನು ಅವಳಿಗೆ ಇದುವರೆಗೆ ಹೇಳಿಯೇ ಇರಲಿಲ್ಲ ಅಂತ ಕಾಣುತ್ತದೆ.